ಮರುಭೂಮಿಯಲ್ಲಿ ಸಿಕ್ಕ ಬೆಂಗಳೂರಿನ ವಿಮಾನ

ಹಳೆಯ ಸೈಕಲ್ಲು ಗುಜರಿ ಅಂಗಡಿಗೆ ಹೋಗುತ್ತದೆ. ಹಳೆಯ ಬಸ್ಸು ಡಿಪೋದ ಮೂಲೆಯಲ್ಲಿ ನಿಂತು ತುಕ್ಕು ಹಿಡಿಯುತ್ತದೆ. ಹಾಗಾದರೆ ಹಳೆಯ ವಿಮಾನ ಎಲ್ಲಿಗೆ ಹೋಗುತ್ತದೆ, ಹೇಳಿ ಮಕ್ಕಳೇ?

ಎಪ್ಪತ್ತು ವರ್ಷ ತುಂಬುವವರೆಗೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಲೆಡ್ಜರು ಬರೆದು, ಟೋಕನ್ ಕೊಟ್ಟು, ಪಾಸ್‌ಬುಕ್ ತುಂಬಿಸಿದವನಿಗೆ ವಿಮಾನದ ಯೋಚನೆ ಯಾಕೆ ಬಂದೀತು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಎಂಬ ಊರಿನಲ್ಲಿ. ಅಲ್ಲಿ ವಿಮಾನಗಳ ದೊಡ್ಡ ಸ್ಮಶಾನವಿದೆ. ಅದರ ಪಕ್ಕದಲ್ಲಿಯೇ ದೊಡ್ಡದೊಂದು ವಿಮಾನ ಮ್ಯೂಸಿಯಂ ಇದೆ. ಆ ಮ್ಯೂಸಿಯಮ್ಮಿನಲ್ಲಿ ನಮ್ಮ ಮನೆಗೇ ಸೇರಿದ ಒಂದು ಹಳೆಯ ಮಾತಿಗೂ ಉತ್ತರ ಸಿಕ್ಕಿತು. ಅದನ್ನೇ ನಿಮಗೆ ಹೇಳಬೇಕೆಂದು ಈ ಬರಹ.

2019ರ ಮಾರ್ಚ್ ತಿಂಗಳಿನಲ್ಲಿ ನಾನು ಮಗಳ ಮನೆಗೆ ಹೋಗಿದ್ದೆ. ಅವಳಿರುವುದು ಫೀನಿಕ್ಸ್ ನಗರದ ಹತ್ತಿರ. ಅಲ್ಲಿ ಬೇಸಿಗೆಯೆಂದರೆ ನಮ್ಮ ರಾಯಚೂರು, ಕಲಬುರಗಿಯವರೂ ಹೆದರಬೇಕು. ಮಾರ್ಚ್ ಮಾತ್ರ ಹಿತವಾಗಿರುತ್ತದೆ. ಆಗ ನನ್ನ ಮೊಮ್ಮಗನಿಗೆ ಹತ್ತು ವರ್ಷ. ವಿಮಾನವೆಂದರೆ ಅವನಿಗೆ ಊಟ ತಿಂಡಿಯೂ ಬೇಡ. ಒಂದು ದಿನ ಬೆಳಿಗ್ಗೆ ಮಗಳು ಚಪಾತಿ, ಆಲೂಗೆಡ್ಡೆ ಪಲ್ಯ, ಮೊಸರನ್ನ ಕಟ್ಟಿಕೊಂಡಳು. ಅಳಿಯ ಕಾರು ತೆಗೆದರು. ದಕ್ಷಿಣಕ್ಕೆ ಎರಡು ಗಂಟೆಯ ದಾರಿ.

ದಾರಿಯುದ್ದಕ್ಕೂ ಎರಡೂ ಕಡೆ ಸಗ್ವಾರೊ ಎಂಬ ದೈತ್ಯ ಕಳ್ಳಿಗಳು. ಕೈ ಎತ್ತಿ ನಿಂತ ಮನುಷ್ಯರ ಹಾಗೆ ಕಾಣುತ್ತವೆ. ಆ ಗಿಡಕ್ಕೆ ಮೊದಲ ಕೈ ಮೂಡುವುದಕ್ಕೇ 50ರಿಂದ 75 ವರ್ಷ ಬೇಕಂತೆ. ಅಳಿಯ ಇದನ್ನು ಹೇಳಿದಾಗ ಮೊಮ್ಮಗ ನನ್ನ ಕಡೆ ತಿರುಗಿ, "ತಾತ, ನಿನಗೆ ಈಗ ಒಂದು ಕೈ ಬಂದಿರುತ್ತೆ" ಎಂದ.

ಯಾಕೆ ಈ ಊರೇ?

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿಯಿತು. ಅಮೆರಿಕದ ಬಳಿ ಸಾವಿರಾರು ಯುದ್ಧವಿಮಾನಗಳು ಉಳಿದುಬಿಟ್ಟವು. ಹಾರಿಸಲು ಕೆಲಸವಿಲ್ಲ, ಒಡೆದುಹಾಕಲು ಮನಸ್ಸಿಲ್ಲ. ಎಲ್ಲಿ ನಿಲ್ಲಿಸುವುದು? 1946ರಲ್ಲಿ ಟೂಸಾನ್‌ನ ಡೇವಿಸ್-ಮಾಂಥನ್ ವಾಯುನೆಲೆಯಲ್ಲಿ ನಿಲ್ಲಿಸತೊಡಗಿದರು.

ಈ ಊರನ್ನು ಆರಿಸಿದ್ದಕ್ಕೆ ಕಾರಣವಿದೆ. ಮೊದಲನೆಯದು ಒಣಹವೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಮಳೆಗಾಲ ಜೋರಾದರೆ ಒಂದೆರಡು ದಿನದಲ್ಲೇ ಅಷ್ಟು ಸುರಿದುಬಿಡುತ್ತದೆ! ಗಾಳಿಯಲ್ಲಿ ತೇವವಿಲ್ಲದಿದ್ದರೆ ಲೋಹಕ್ಕೆ ತುಕ್ಕು ಹಿಡಿಯುವುದು ಬಹಳ ನಿಧಾನ. ಮಂಗಳೂರಿನಲ್ಲಿ ಮನೆ ಗೇಟಿಗೆ ವರ್ಷ ವರ್ಷ ಬಣ್ಣ ಬಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ನೆಲ. ಅಲ್ಲಿಯ ಮಣ್ಣಿನಲ್ಲಿ ಸುಣ್ಣದ ಅಂಶ ಸೇರಿ ಗಟ್ಟಿಯಾದ ಪದರವಿದೆ. ಹಳೆಯ ಮನೆಗಳ ಗಾರೆನೆಲದ ಹಾಗೆ. ನೂರಾರು ಟನ್ ತೂಕದ ವಿಮಾನವನ್ನು ಕಾಂಕ್ರೀಟ್ ಹಾಕದೆ ಹಾಗೇ ನಿಲ್ಲಿಸಿದರೂ ಚಕ್ರ ಹೂತುಕೊಳ್ಳುವುದಿಲ್ಲ.

ಈಗ ಆ ಜಾಗದ ವಿಸ್ತಾರ ಸುಮಾರು 2,600 ಎಕರೆ. ಅಲ್ಲಿ ಸೇನೆಯ ಮೂರು ಸಾವಿರಕ್ಕೂ ಹೆಚ್ಚು ವಿಮಾನಗಳು ನಿಂತಿವೆ. ಜನರು ಅದನ್ನು ಕರೆಯುವುದು 'ಬೋನ್‌ಯಾರ್ಡ್' ಎಂದು, ಅಂದರೆ ಮೂಳೆಗಳ ಅಂಗಳ. ಅಧಿಕಾರಿಗಳಿಗೆ ಆ ಹೆಸರು ಅಷ್ಟು ಇಷ್ಟವಿಲ್ಲ. ಅವರ ಪ್ರಕಾರ ಅದು ವಿಮಾನಗಳನ್ನು ನೋಡಿಕೊಂಡು ಮತ್ತೆ ಜೀವ ಕೊಡುವ ಜಾಗ. ಎರಡೂ ಮಾತು ನಿಜವೆಂದು ಬಸ್ಸು ಹತ್ತಿದ ಮೇಲೆ ತಿಳಿಯಿತು.

ಬಸ್ಸಿನ ಕಿಟಕಿಯಿಂದ

ನಾವು ಹೋದಾಗ ಮ್ಯೂಸಿಯಮ್ಮಿನಿಂದಲೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಸೇನೆಯ ಜಾಗವಾದ್ದರಿಂದ ಗುರುತಿನ ಚೀಟಿ ತೋರಿಸಬೇಕು. ನನ್ನ ಪಾಸ್‌ಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಸ್ಸಿನಿಂದ ಯಾರೂ ಕೆಳಗೆ ಇಳಿಯುವಂತಿಲ್ಲ.

ಗೇಟು ದಾಟಿದ ಮೇಲೆ ಮಾತೇ ನಿಂತಿತು. ಎಡಕ್ಕೂ ಬಲಕ್ಕೂ ವಿಮಾನ, ವಿಮಾನ, ವಿಮಾನ. ಸಾಲು ಸಾಲಾಗಿ, ಒಂದರ ರೆಕ್ಕೆ ಇನ್ನೊಂದಕ್ಕೆ ತಾಗದ ಹಾಗೆ, ಮೂಗು ಒಂದೇ ಕಡೆ ಮಾಡಿ ನಿಂತಿವೆ. ಬೆಳಗಿನ ಶಾಲಾ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದ ಹಾಗೆ. ಹರ್ಕ್ಯುಲಿಸ್ ಎಂಬ ಸರಕು ವಿಮಾನಗಳ ಒಂದು ಸಾಲು ಮುಗಿಯುವುದಕ್ಕೇ ಬಸ್ಸು ಬಹಳ ಹೊತ್ತು ತೆಗೆದುಕೊಂಡಿತು. ಆಮೇಲೆ ಗ್ಯಾಲಕ್ಸಿ ಎಂಬ ದೈತ್ಯ. ಅದರ ಹೊಟ್ಟೆಯಲ್ಲಿ ಯುದ್ಧದ ಟ್ಯಾಂಕುಗಳನ್ನೇ ಸಾಗಿಸುತ್ತಾರೆ.

ಹೆಚ್ಚಿನ ವಿಮಾನಗಳ ಕಿಟಕಿ, ಎಂಜಿನ್ನಿನ ಬಾಯಿ, ಮೂಗಿನ ಭಾಗಕ್ಕೆಲ್ಲ ಬಿಳಿಯದೇನೋ ಬಳಿದಿದ್ದರು. ನನಗೆ ಹಿಂದಿನ ವರ್ಷವಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಸಾಲಾಗಿ ಕೂತ ನಾವೆಲ್ಲ ನೆನಪಾದೆವು.

ಬಸ್ಸಿನಲ್ಲಿ ವಿವರ ಹೇಳುತ್ತಿದ್ದವರು ಎಂಬತ್ತರ ಹತ್ತಿರದ ಒಬ್ಬ ಹಿರಿಯರು. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಈಗ ಸಂಬಳವಿಲ್ಲದೆ ಸ್ವಯಂಸೇವಕರಾಗಿ ಬರುತ್ತಾರೆ. ಅವರು ಹೇಳಿದ ಕ್ರಮ ಹೀಗಿದೆ. ವಿಮಾನ ಬಂದ ಕೂಡಲೇ ಮೊದಲು ಚೆನ್ನಾಗಿ ತೊಳೆಯುತ್ತಾರೆ. ಸಮುದ್ರದ ಕಡೆ ಹಾರಿದ್ದರೆ ಉಪ್ಪು ಅಂಟಿರುತ್ತದಲ್ಲ, ಅದು ಹೋಗಬೇಕು. ಆಮೇಲೆ ಇಂಧನವನ್ನೆಲ್ಲ ಬಸಿದು ತೆಗೆದು, ಆ ಕೊಳವೆಗಳಲ್ಲಿ ತೆಳುವಾದ ಎಣ್ಣೆ ಹರಿಸುತ್ತಾರೆ. ಹಬ್ಬದ ದಿನ ನಮ್ಮ ಮಕ್ಕಳಿಗೆ ಎಣ್ಣೆಸ್ನಾನ ಇದ್ದ ಹಾಗೆ. ಬಂದೂಕು, ಸ್ಫೋಟಕಗಳನ್ನು ಬಿಚ್ಚಿಡುತ್ತಾರೆ. ಕೊನೆಗೆ ಧೂಳು ಮತ್ತು ಬಿಸಿಲು ಒಳಗೆ ಹೋಗದ ಹಾಗೆ ಸಂದುಗಳನ್ನು ಮುಚ್ಚಿ ರಬ್ಬರಿನಂಥ ಲೇಪನ ಬಳಿಯುತ್ತಾರೆ. ಮೇಲಿನ ಪದರ ಬಿಳಿಯದಾದ್ದರಿಂದ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಬೇಕೆಂದಾಗ ಇಡೀ ಲೇಪನವನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ತೆಗೆಯಬಹುದು.

ನಾಲ್ಕು ಬಗೆಯ ಖಾತೆಗಳು

ಅಲ್ಲಿಗೆ ಬಂದ ವಿಮಾನಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. 1000, 2000, 3000, 4000 ಎಂದು ಅವುಗಳಿಗೆ ಹೆಸರು. ಹಿರಿಯರು ವಿವರಿಸುತ್ತಿದ್ದ ಹಾಗೆ ನನಗೆ ನಮ್ಮ ಬ್ಯಾಂಕಿನ ಕೌಂಟರುಗಳೇ ಕಣ್ಣಿಗೆ ಕಟ್ಟಿದವು. ಬಿ.ಕಾಂ. ಓದಿದವನ ತಲೆ ಎಲ್ಲಿಗೆ ಹೋದರೂ ಅಲ್ಲಿಗೇ ಬರುತ್ತದೆ.

1000ದ ಬಗೆ ದೀರ್ಘಕಾಲ ಜೋಪಾನ ಮಾಡುವಂಥದು. ಮುಂದೊಂದು ದಿನ ಹಾರಿಸಬೇಕಾಗಬಹುದು, ಒಂದು ತಿರುಪನ್ನೂ ಬಿಚ್ಚುವಂತಿಲ್ಲ. ಇದು ನಮ್ಮ ಮುದ್ದತು ಠೇವಣಿ. 2000ದ ಬಗೆಯಿಂದ ಬಿಡಿಭಾಗ ತೆಗೆಯುತ್ತಾರೆ. ಇನ್ನೂ ಹಾರುತ್ತಿರುವ ಅದೇ ಜಾತಿಯ ವಿಮಾನಕ್ಕೆ ಚಕ್ರವೋ ರೆಕ್ಕೆಯ ತುಂಡೋ ಬೇಕಾದರೆ ಇಲ್ಲಿಂದ ಕಳಿಸುತ್ತಾರೆ. ಇದು ಬೇಕಾದಾಗ ಸ್ವಲ್ಪ ಸ್ವಲ್ಪ ತೆಗೆಯುವ ಉಳಿತಾಯ ಖಾತೆ. 3000ದ ಬಗೆ ಹೆಚ್ಚುಕಡಿಮೆ ಹಾರಲು ಸಿದ್ಧವಾಗಿಯೇ ನಿಂತದ್ದು, ಚಾಲ್ತಿ ಖಾತೆಯಂತೆ. 4000ದ ಬಗೆಯೆಂದರೆ ಖಾತೆ ಮುಕ್ತಾಯ. ಕತ್ತರಿಸಿ ಕರಗಿಸುವುದೊಂದೇ ಬಾಕಿ.

ನಾನು ಇದನ್ನು ಹೇಳಿದಾಗ ಅಳಿಯ ನಕ್ಕು, "ಮಾವ, ಹಾಗಾದರೆ ನೀವು ಯಾವ ಬಗೆ?" ಎಂದರು. "ಮೊಣಕಾಲು 4000, ಹಲ್ಲು 2000. ನಾಲಿಗೆ ಮಾತ್ರ 3000" ಎಂದು ಮಗಳು ನನ್ನ ಪರವಾಗಿ ಉತ್ತರ ಕೊಟ್ಟಳು.

ಮುಂದೆ ಬಿ-52 ಎಂಬ ಎಂಟು ಎಂಜಿನ್ನಿನ ಬಾಂಬರ್ ವಿಮಾನಗಳು ಕಂಡವು. ಅವುಗಳ ಕಥೆ ಕೇಳಿ ಮೊಮ್ಮಗನ ಮುಖ ಸಣ್ಣದಾಯಿತು. 1991ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣ್ವಸ್ತ್ರ ಕಡಿಮೆ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ 365 ಬಿ-52 ವಿಮಾನಗಳನ್ನು ಇಲ್ಲಿ ನಾಶ ಮಾಡಬೇಕಾಯಿತು. ಆರು ಟನ್ನಿಗೆ ಹತ್ತಿರದ ಉಕ್ಕಿನ ಕತ್ತಿಯನ್ನು ಕ್ರೇನಿನಿಂದ ಎತ್ತಿ ಮೇಲಿನಿಂದ ಬಿಡುತ್ತಿದ್ದರು. ರೆಕ್ಕೆ ಬೇರೆ, ದೇಹ ಬೇರೆ, ಬಾಲ ಬೇರೆ. ಆಮೇಲೆ ಆ ತುಂಡುಗಳನ್ನು ತಿಂಗಳುಗಟ್ಟಲೆ ಬಯಲಿನಲ್ಲಿಯೇ ಬಿಟ್ಟಿರುತ್ತಿದ್ದರು. ಮಾತು ಉಳಿಸಿಕೊಂಡಿದ್ದಾರೋ ಇಲ್ಲವೋ ಎಂದು ಎದುರು ದೇಶದವರು ಉಪಗ್ರಹದಿಂದ ನೋಡಿಕೊಳ್ಳಲಿ ಎಂದು!

"ಚೆನ್ನಾಗಿರೋದನ್ನ ಯಾಕೆ ಒಡೀಬೇಕು ತಾತ?" ಎಂದ ಮೊಮ್ಮಗ.

"ಅದು ಬಾಂಬು ಹಾಕೋಕೆ ಮಾಡಿದ್ದು ಮರಿ. ಒಡೆದಷ್ಟೂ ಜನಕ್ಕೆ ಒಳ್ಳೇದು" ಎಂದೆ. ಅವನಿಗೆ ಪೂರ್ತಿ ಸಮಾಧಾನವಾಗಲಿಲ್ಲ.

ಅವನ ಮುಖ ನೋಡಿ ಹಿರಿಯರು ಇನ್ನೊಂದು ಕಥೆ ಹೇಳಿದರು. 'ಘೋಸ್ಟ್ ರೈಡರ್' ಎಂಬ ಹೆಸರಿನ ಒಂದು ಬಿ-52 ವಿಮಾನ 2008ರಿಂದ ಇಲ್ಲೇ ನಿಂತಿತ್ತು. ಬೇರೊಂದು ವಿಮಾನ ಬೆಂಕಿಗೆ ಸಿಕ್ಕಿ ಕೆಟ್ಟಾಗ ಅದರ ಜಾಗ ತುಂಬಲು ಇದನ್ನು ಎಬ್ಬಿಸಿದರು. ಲೇಪನ ಸುಲಿದು, ವೈರು ಬದಲಾಯಿಸಿ, ಎಂಜಿನ್ನುಗಳನ್ನು ಸರಿಮಾಡಿ 2015ರಲ್ಲಿ ಹಾರಿಸಿಯೇಬಿಟ್ಟರು. ಏಳು ವರ್ಷ ಮರುಭೂಮಿಯಲ್ಲಿ ಮಲಗಿದ್ದ ಮುದುಕ ಮತ್ತೆ ಡ್ಯೂಟಿಗೆ ಹಾಜರ್! ಬಸ್ಸಿನಲ್ಲಿದ್ದ ಹಿರಿಯ ನಾಗರಿಕರೆಲ್ಲ ಚಪ್ಪಾಳೆ ಹೊಡೆದೆವು.

ಮ್ಯೂಸಿಯಮ್ಮಿನಲ್ಲಿ

ಬಸ್ಸು ಇಳಿದು ಕಟ್ಟಿಕೊಂಡು ಹೋದದ್ದನ್ನು ತಿಂದು ಮ್ಯೂಸಿಯಂ ಒಳಗೆ ಹೋದೆವು. ಹೆಸರು ಪೀಮಾ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ. 1976ರಲ್ಲಿ ಶುರುವಾದದ್ದು. ಎಂಬತ್ತು ಎಕರೆ ಜಾಗ, ಸುಮಾರು 400 ವಿಮಾನ. ಮುಟ್ಟಿದರೆ ಮುರಿಯುವಂಥವನ್ನು ದೊಡ್ಡ ದೊಡ್ಡ ಹ್ಯಾಂಗರುಗಳ ಒಳಗೆ ಇಟ್ಟಿದ್ದಾರೆ, ಉಳಿದವನ್ನು ಬಯಲಿನಲ್ಲಿ.

ಎಲ್ಲವನ್ನೂ ಬರೆದರೆ ಸಂಪಾದಕರು ಕತ್ತರಿ ತೆಗೆಯುತ್ತಾರೆ. ಮೂರನ್ನು ಮಾತ್ರ ಹೇಳುತ್ತೇನೆ.

ಒಂದು, ಎಸ್.ಆರ್.-71. ಕಪ್ಪು ಹಕ್ಕಿ ಎಂದೇ ಅದರ ಅಡ್ಡಹೆಸರು. 1976ರಲ್ಲಿ ಈ ಜಾತಿಯ ವಿಮಾನ ಗಂಟೆಗೆ 3,529 ಕಿಲೋಮೀಟರ್ ವೇಗದ ದಾಖಲೆ ಮಾಡಿತು. ಆ ವೇಗದಲ್ಲಿ ಬೆಂಗಳೂರಿನಿಂದ ದೆಹಲಿಗೆ ಅರ್ಧ ಗಂಟೆ ಸಾಕು. ಅಷ್ಟು ವೇಗದಲ್ಲಿ ಗಾಳಿಯ ತಿಕ್ಕಾಟಕ್ಕೆ ಮೈ ಕಾದು ಹಿಗ್ಗುತ್ತದೆ. ಅದಕ್ಕೇ ತಗಡುಗಳ ನಡುವೆ ಸಂದು ಬಿಟ್ಟು ಕಟ್ಟಿದ್ದಾರೆ. ನೆಲದ ಮೇಲೆ ನಿಂತಾಗ ಆ ಸಂದುಗಳಿಂದ ಇಂಧನ ತೊಟ್ಟಿಕ್ಕುತ್ತಿತ್ತಂತೆ! ಇನ್ನೊಂದು ತಮಾಷೆ ಕೇಳಿ. ಸೋವಿಯತ್ ಒಕ್ಕೂಟದ ಮೇಲೆ ಕಣ್ಣಿಡಲೆಂದು ಮಾಡಿದ ಈ ವಿಮಾನಕ್ಕೆ ಬೇಕಾದ ಟೈಟಾನಿಯಂ ಲೋಹವನ್ನು ಬೇರೆಯವರ ಹೆಸರಿನಲ್ಲಿ ಸೋವಿಯತ್ ಒಕ್ಕೂಟದಿಂದಲೇ ಕೊಂಡುಕೊಂಡಿದ್ದರು.

ಎರಡು, ಬಂಬಲ್ ಬೀ. ಮನುಷ್ಯ ಕೂತು ಹಾರಿಸಿದ ವಿಮಾನಗಳಲ್ಲಿ ಜಗತ್ತಿನ ಅತಿ ಚಿಕ್ಕವುಗಳ ಸಾಲಿಗೆ ಸೇರಿದ್ದು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎರಡು ಮೀಟರ್ ಕೂಡ ಇಲ್ಲ. ನಮ್ಮ ಆಟೋರಿಕ್ಷಾದ ಪಕ್ಕದಲ್ಲಿ ನಿಲ್ಲಿಸಿದರೆ ಆಟೋನೇ ದೊಡ್ಡಣ್ಣ.

ಮೂರು, ಸೂಪರ್ ಗಪ್ಪಿ. ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಅಪೋಲೊ ಕಾರ್ಯಕ್ರಮದ ರಾಕೆಟ್ಟಿನ ಭಾಗಗಳನ್ನು ಸಾಗಿಸಲು ಮಾಡಿದ್ದು. ಉದ್ದಿನ ಹಿಟ್ಟು ಉಬ್ಬಿದ ಹಾಗೆ ಉಬ್ಬಿದ ಅದರ ಬೆನ್ನು ನೋಡಿ, ಇದು ಹಾರುತ್ತದೆಂದು ಯಾರಾದರೂ ಆಣೆ ಮಾಡಿದರೂ ನಾನು ನಂಬುತ್ತಿರಲಿಲ್ಲ.

ಹಿರಿಯರು ಕೈಹಿಡಿದು ತೋರಿಸಿದ್ದು

ಬಸ್ಸಿನಲ್ಲಿ ಬಂದಿದ್ದ ಹಿರಿಯರು ಹ್ಯಾಂಗರಿನ ಬಾಗಿಲಲ್ಲಿ ಮತ್ತೆ ಸಿಕ್ಕಿದರು. ಯಾವ ಊರು ಎಂದು ಕೇಳಿದರು. ಬೆಂಗಳೂರು ಎಂದೆ. ಅವರು ಹುಬ್ಬು ಏರಿಸಿ, "ಹಾಗಾದರೆ ನಿಮ್ಮ ಊರಿನದೊಂದು ಇಲ್ಲಿದೆ, ಬನ್ನಿ" ಎಂದು ಕೈಹಿಡಿದು ಕರೆದುಕೊಂಡು ಹೋದರು.

ನಾಲ್ಕು ಎಂಜಿನ್ನಿನ, ಎರಡು ಬಾಲದ ದಪ್ಪ ಹೊಟ್ಟೆಯ ವಿಮಾನ ಅದು. ಬಿ-24 ಲಿಬರೇಟರ್. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಇಂಥ 18,000ಕ್ಕೂ ಹೆಚ್ಚು ವಿಮಾನಗಳನ್ನು ಮಾಡಿತು. ಒಂದು ಕಾರ್ಖಾನೆಯಲ್ಲಂತೂ ಗಂಟೆಗೊಂದು ಲಿಬರೇಟರ್ ಹೊರಗೆ ಬರುತ್ತಿತ್ತು. ಅದರ ಬಾಂಬಿನ ಬಾಗಿಲು ನಮ್ಮ ಅಂಗಡಿಗಳ ಶಟರಿನ ಹಾಗೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಮೈಮೇಲೆ ಬಳಿದಿರುವುದು ಅಮೆರಿಕದ ಗುರುತು. ಆದರೆ ಆ ವಿಮಾನ ಇಪ್ಪತ್ತು ವರ್ಷ ದುಡಿದದ್ದು ಭಾರತದ ವಾಯುಪಡೆಯಲ್ಲಿ.

ನನ್ನ ಕಾಲು ಅಲ್ಲೇ ನಿಂತಿತು. ಲಿಬರೇಟರ್ ಎಂಬ ಹೆಸರು ನಮ್ಮ ಮನೆಯಲ್ಲಿ ನಾನು ಹುಟ್ಟಿದಂದಿನಿಂದ ಇತ್ತು.

ಕಥೆ ಹೀಗಿದೆ. ಯುದ್ಧದ ಕಾಲದಲ್ಲಿ ಅಮೆರಿಕ ಈ ವಿಮಾನಗಳನ್ನು ಬ್ರಿಟಿಷರಿಗೆ ಕಡ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅವನ್ನು ಬೇರೆ ಯಾರೂ ಬಳಸಬಾರದೆಂಬುದು ಕರಾರು. ಅದಕ್ಕೇ ಬ್ರಿಟಿಷರು ಭಾರತ ಬಿಡುವ ಮೊದಲು ಕಾನ್ಪುರದಲ್ಲಿದ್ದ ಲಿಬರೇಟರುಗಳನ್ನು ಮತ್ತೆ ಹಾರದ ಹಾಗೆ ಕೆಡಿಸಿ ಹೋದರು. ಎಂಜಿನ್ನಿಗೆ ಮರಳು ಸುರಿದರೆಂದೂ ಒಳಗಿನ ಉಪಕರಣಗಳನ್ನು ಒಡೆದರೆಂದೂ ಹೇಳುತ್ತಾರೆ. ಇತ್ತ ಹೊಸದಾಗಿ ಸ್ವತಂತ್ರವಾದ ನಮ್ಮ ದೇಶಕ್ಕೆ ದೊಡ್ಡ ಬಾಂಬರ್ ವಿಮಾನವೇ ಇರಲಿಲ್ಲ. ಕೊಳ್ಳಲು ಹಣವೂ ಇರಲಿಲ್ಲ. ಕಾನ್ಪುರದ ಆ ಗುಜರಿಯನ್ನೇ ಸರಿಮಾಡಲಾಗುತ್ತದೆಯೇ ನೋಡಿ ಎಂದು ಕೇಳಿದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು. ಇಂದಿನ ಎಚ್.ಎ.ಎಲ್. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಕಟ್ಟಿದ ಕಾರ್ಖಾನೆ ಅದು.

ಕಾರ್ಖಾನೆಯ ತಂಡ ಕಾನ್ಪುರಕ್ಕೆ ಹೋಯಿತು. ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಎಂಜಿನ್ ಸೇರಿಸಿ, ಬೆಂಗಳೂರು ತಲುಪುವಷ್ಟು ಮಾತ್ರ ಸರಿಮಾಡುವುದು. ಹಾಗೆ ತೇಪೆ ಹಾಕಿದ ವಿಮಾನವನ್ನು ಹಾರಿಸಿಕೊಂಡು ಬರುತ್ತಿದ್ದವರು ಎಚ್.ಎ.ಎಲ್.ನ ಟೆಸ್ಟ್ ಪೈಲಟ್ ಜಮ್‌ಷೆಡ್ ಮುನ್ಷಿ. ಬೆಂಗಳೂರಿಗೆ ಬಂದ ಮೇಲೆ ಪೂರ್ತಿ ರಿಪೇರಿ. ಹೀಗೆ ಸುಮಾರು 40 ವಿಮಾನಗಳು ಎದ್ದು ನಿಂತವು. 1948ರ ಕೊನೆಯ ಹೊತ್ತಿಗೆ ವಾಯುಪಡೆ ಅವನ್ನು ಹಾರಿಸತೊಡಗಿತು. ಮುಂದೆ ಸಮುದ್ರದ ಮೇಲೆ ಕಾವಲು ಹಾರಾಟಕ್ಕೂ ಬಳಸಿತು. 1968ರಲ್ಲಿ ಅವು ನಿವೃತ್ತವಾದವು. ಪ್ರಪಂಚದಲ್ಲಿ ಉಳಿದ ಕಡೆ ಹೆಚ್ಚಿನ ಲಿಬರೇಟರುಗಳನ್ನು ಆಗಲೇ ಕರಗಿಸಿ ಮುಗಿದಿತ್ತು. ಅದಕ್ಕೇ ಈಗ ಉಳಿದಿರುವ ಬೆರಳೆಣಿಕೆಯ ಲಿಬರೇಟರುಗಳಲ್ಲಿ ಹಲವು ಭಾರತದಿಂದ ಹೋದವು. ಒಂದು ಇಂಗ್ಲೆಂಡಿನಲ್ಲಿದೆ, ಒಂದು ಕೆನಡಾದಲ್ಲಿದೆ. ಟೂಸಾನ್‌ನ ಈ ವಿಮಾನ 1969ರಲ್ಲಿ ಭಾರತದಿಂದ ಅಲ್ಲಿಯವರೆಗೆ ಹಾರಿಕೊಂಡೇ ಹೋಯಿತು. ಮ್ಯೂಸಿಯಂ ಬಾಗಿಲು ತೆರೆಯುವ ಏಳು ವರ್ಷ ಮೊದಲೇ!

ನಾಮಕರಣಕ್ಕೆ ಬಾರದ ಅಪ್ಪ

ಇದರಲ್ಲಿ ನಮ್ಮ ಮನೆಯ ಸಂಗತಿ ಏನೆಂದು ಕೇಳುತ್ತೀರಾ? ನಮ್ಮ ತಂದೆ ಆ ಕಾರ್ಖಾನೆಯಲ್ಲಿ ಫಿಟ್ಟರ್. ಹಲಸೂರಿನ ವಠಾರದ ಮನೆಯಿಂದ ದಿನಾ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ನಾನು ಹುಟ್ಟಿದ್ದು 1948ರ ಮಳೆಗಾಲದಲ್ಲಿ. ಆಗ ಅಪ್ಪ ಕಾನ್ಪುರದಲ್ಲಿದ್ದರು. ನಾಮಕರಣಕ್ಕೆ ಟೆಲಿಗ್ರಾಂ ಕಳಿಸಿದರೂ ಬರಲಿಲ್ಲ. ನನ್ನ ಮುಖ ಮೊದಲು ನೋಡಿದ್ದು ನನಗೆ ನಾಲ್ಕು ತಿಂಗಳು ತುಂಬಿದ ಮೇಲೆ. ಬರುವಾಗ ಅಮ್ಮನಿಗೆ ಕಾನ್ಪುರದ ಚರ್ಮದ ಚಪ್ಪಲಿ ತಂದಿದ್ದರಂತೆ. ಅಮ್ಮ ಅದನ್ನು ಮೂರು ವರ್ಷ ಕಾಲಿಗೆ ಹಾಕಲಿಲ್ಲ.

"ನೀನು ಹುಟ್ಟಿದಾಗ ನಿಮ್ಮಪ್ಪ ಯಾವುದೋ ಮುರುಕಲು ಲಿಬರೇಟರಿನ ಹೊಟ್ಟೇಲಿ ಕೂತಿದ್ರು" ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ಆದರೆ ಆ ನಗುವಿನ ಕೆಳಗೆ ಏನೋ ಇತ್ತು. ಅಪ್ಪ ಮಾತಿಗೆ ಮಾತು ಕೊಡುತ್ತಿರಲಿಲ್ಲ. ಎದ್ದು ಹೋಗಿ ಸೀಮೆಎಣ್ಣೆ ಸ್ಟೌವಿನ ಪಿನ್ನು ಸರಿಮಾಡುತ್ತಿದ್ದರು. ಅವರು ಕೆಲಸದ ಮಾತನ್ನು ಮನೆಯಲ್ಲಿ ಆಡಿದವರೇ ಅಲ್ಲ. ಸಂತೆಯಲ್ಲಿ ಕಬ್ಬಿಣದ ಬಕೆಟ್ ಕೊಳ್ಳುವಾಗ ಮಾತ್ರ ಅದರ ರಿವೆಟ್ಟಿನ ಸಾಲಿನ ಮೇಲೆ ಹೆಬ್ಬೆರಳು ಆಡಿಸಿ, ತಲೆ ಅಲ್ಲಾಡಿಸಿ, ಇನ್ನೊಂದು ತೋರಿಸು ಎನ್ನುತ್ತಿದ್ದರು. 1989ರಲ್ಲಿ ತೀರಿಕೊಂಡರು. ಆ ಮುರುಕಲು ವಿಮಾನ ಎಂಥದು, ಅದರಲ್ಲಿ ಕೂತು ಅವರು ಏನು ಮಾಡುತ್ತಿದ್ದರು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅದೀಗ ನನ್ನ ಎದುರು ನಿಂತಿತ್ತು. ಮೂವತ್ತಮೂರು ಮೀಟರಿಗೂ ಉದ್ದದ ರೆಕ್ಕೆ. ಆ ರೆಕ್ಕೆಯ ಕೆಳಗೆ ನಿಂತು ಮೇಲೆ ನೋಡಿದರೆ ಸಾಲು ಸಾಲು ರಿವೆಟ್ಟುಗಳು, ಕಾಪಿಪುಸ್ತಕದ ಗೆರೆಗಳ ಹಾಗೆ. ಮುಟ್ಟಬಾರದೆಂದು ಫಲಕ ಹಾಕಿದ್ದರು. ನನ್ನ ಹೆಬ್ಬೆರಳು ಅದರಷ್ಟಕ್ಕೆ ಅದು ಆಡುತ್ತಿತ್ತು.

ಮೊಮ್ಮಗನಿಗೆ ವಿಷಯ ಹೇಳಿದೆ. ಅವನು ಕುತ್ತಿಗೆ ಎತ್ತಿ, "ಇದರಲ್ಲಿ ಮುತ್ತಾತ ಹೊಡೆದದ್ದು ಯಾವುದು?" ಎಂದು ಕೇಳಿದ.

"ಇದೇ ಅಂತ ಹೇಳೋಕಾಗಲ್ಲ ಮರಿ. ನಲವತ್ತು ವಿಮಾನ, ನೂರಾರು ಜನ."

"ಆದ್ರೂ ಒಂದಾದ್ರೂ ಇರಬಹುದಲ್ವಾ?"

"ಇರಬಹುದು."

ಅವನು ಎಣಿಸಲು ಶುರುಮಾಡಿದ. ಮುನ್ನೂರ ಹನ್ನೆರಡರವರೆಗೆ ಎಣಿಸಿ ಕುತ್ತಿಗೆ ನೋವೆಂದು ಬಿಟ್ಟ.

ಮಗಳು ಹಿರಿಯರಿಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಲೆಯ ಟೋಪಿ ತೆಗೆದು ನನ್ನ ಕೈಕುಲುಕಿದರು. ತಾನೂ ಮೆಕ್ಯಾನಿಕ್ಕೇ, ತನ್ನ ಮೊದಲ ಮಗಳು ಹುಟ್ಟಿದಾಗ ತಾನೂ ದೂರದ ದೇಶದ ಒಂದು ವಾಯುನೆಲೆಯಲ್ಲಿ ಎಂಜಿನ್ ಬಿಚ್ಚುತ್ತಿದ್ದೆ ಎಂದರು. ಭಾಷೆ ಬೇರೆ, ದೇಶ ಬೇರೆ. ಆದರೆ ಅಪ್ಪ ಮನೆಯಲ್ಲಿ ಆಡದ ಮಾತನ್ನು ಅವರ ಬಾಯಲ್ಲಿ ಕೇಳಿದ ಹಾಗಾಯಿತು.

ನನ್ನ ಅಕ್ಕ ಬೆಂಗಳೂರಿನಲ್ಲಿದ್ದಾಳೆ. ನನಗಿಂತ ಎಂಟು ವರ್ಷ ದೊಡ್ಡವಳು. ಆ ಸಂಜೆ ಅವಳಿಗೆ ಬೆಳಗಾಗುವ ಹೊತ್ತು ನೋಡಿಕೊಂಡು ವಿಡಿಯೋ ಕಾಲ್ ಮಾಡಿ ಫೋಟೊಗಳನ್ನು ಒಂದೊಂದಾಗಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇದೇ ಕಣೋ" ಎಂದಳು. "ನಮ್ಮ ವಠಾರದ ಮೇಲೆ ಹಾರಿ ಬರ್ತಿತ್ತು. ಆ ಸದ್ದಿಗೆ ಪಾತ್ರೆ ಎಲ್ಲ ಅಲುಗಾಡೋದು. ಅಮ್ಮ ನಿನ್ನನ್ನ ಎತ್ಕೊಂಡು ಅಂಗಳಕ್ಕೆ ಓಡೋಳು."

"ಹೆದರಿಕೊಂಡಾ?"

"ಹೆದರಿಕೆ ಎಲ್ಲಿ ಬಂತು? ನೋಡೋ ನೋಡೋ, ನಿಮ್ಮಪ್ಪ ರಿಪೇರಿ ಮಾಡಿದ್ದು ಅಂತ ನಿನಗೆ ತೋರಿಸ್ತಿದ್ಲು. ನಿನಗಿನ್ನೂ ಕತ್ತು ನಿಂತಿರಲಿಲ್ಲ."

ಅಮ್ಮ ಇದನ್ನು ನನಗೆ ಒಂದು ದಿನವೂ ಹೇಳಿರಲಿಲ್ಲ. ನಾನು ಎಪ್ಪತ್ತು ವರ್ಷ ಕೇಳಿದ್ದು ಅವಳ ದೂರು ಮಾತ್ರ. ಫೋನು ಕೆಳಗಿಟ್ಟು ಮಗಳ ಮನೆಯ ಹಿತ್ತಲಲ್ಲಿ ಸ್ವಲ್ಪ ಹೊತ್ತು ಕೂತೆ. ಮಗಳು ಕಾಫಿ ತಂದು ಪಕ್ಕದಲ್ಲಿಟ್ಟು ಏನೂ ಕೇಳದೆ ಒಳಗೆ ಹೋದಳು.

ಒಂದು ರೂಪಾಯಿಯ ಲೆಕ್ಕ

ಬ್ಯಾಂಕಿನಲ್ಲಿ ಸವಕಳಿ ಎಂಬ ಲೆಕ್ಕವಿದೆ. ಮೇಜು, ಕುರ್ಚಿ, ಬೀರುಗಳ ಬೆಲೆಯನ್ನು ವರ್ಷ ವರ್ಷ ಕಡಿಮೆ ಮಾಡುತ್ತ ಬಂದು ಕೊನೆಗೆ ಪುಸ್ತಕದಲ್ಲಿ ಒಂದು ರೂಪಾಯಿ ಎಂದು ತೋರಿಸುತ್ತೇವೆ. ಸೊನ್ನೆ ಮಾಡುವುದಿಲ್ಲ. ಸೊನ್ನೆ ಮಾಡಿದರೆ ಆ ವಸ್ತು ಇದೆ ಎಂಬುದೇ ಲೆಕ್ಕದಿಂದ ಅಳಿಸಿಹೋಗುತ್ತದೆ. ಕಾನ್ಪುರದ ಬಯಲಲ್ಲಿ ಬಿದ್ದಿದ್ದ ಲಿಬರೇಟರುಗಳನ್ನು ಬಿಟ್ಟುಹೋದವರು ಸೊನ್ನೆ ಎಂದು ಬರೆದಿದ್ದರು. ನಮ್ಮವರು ಒಂದು ರೂಪಾಯಿ ಎಂದು ಬರೆದುಕೊಂಡು ಕೆಲಸ ಶುರುಮಾಡಿದರು. ಅವುಗಳಿಂದ ದೇಶಕ್ಕೆ ಇಪ್ಪತ್ತು ವರ್ಷದ ದುಡಿಮೆ ಸಿಕ್ಕಿತು.

ಟೂಸಾನ್ ನಮಗೆ ದೂರ. ಆದರೆ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಕಡೆ ಎಚ್.ಎ.ಎಲ್. ಮ್ಯೂಸಿಯಂ ಇದೆ, 2001ರಿಂದ ತೆರೆದಿದೆ. ನಮ್ಮಲ್ಲೇ ವಿನ್ಯಾಸ ಮಾಡಿ ಕಟ್ಟಿದ, 1961ರಲ್ಲಿ ಮೊದಲು ಹಾರಿದ ಮಾರುತ ಯುದ್ಧವಿಮಾನವನ್ನು ಅಲ್ಲಿ ನೋಡಬಹುದು. ಮುರುಕಲು ಲಿಬರೇಟರುಗಳನ್ನು ಹಾರಿಸಿ ತಂದ ಅದೇ ಮುನ್ಷಿಯವರು 1951ರಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ಅದೂ ಬೆಂಗಳೂರಿನಲ್ಲಿಯೇ ಹುಟ್ಟಿದ್ದು. ಗುಜರಿ ಕೂಡಿಸಿದ ಕೈಗಳು ಮೂರೇ ವರ್ಷದಲ್ಲಿ ಹೊಸದನ್ನು ಮಾಡಿ ತೋರಿಸಿದ್ದವು. ದೆಹಲಿಗೆ ಹೋದರೆ ಪಾಲಂನ ವಾಯುಪಡೆ ಮ್ಯೂಸಿಯಮ್ಮಿನಲ್ಲಿ ಒಂದು ಲಿಬರೇಟರ್ ಇದೆ, ಮರೆಯದೆ ನೋಡಿ.

ಮಕ್ಕಳೇ, ನಿಮಗೊಂದು ಮನೆಗೆಲಸ ಕೊಡುತ್ತೇನೆ. ಈ ಭಾನುವಾರ ನಿಮ್ಮ ಅಜ್ಜಿ ತಾತನನ್ನು ಹಿಡಿದು ಕೂರಿಸಿ, ಅವರ ಅಪ್ಪ ಏನು ಕೆಲಸ ಮಾಡುತ್ತಿದ್ದರು, ಯಾವ ಸಾಮಾನು ಹಿಡಿದು ಮಾಡುತ್ತಿದ್ದರು ಎಂದು ಕೇಳಿ. ನೇಗಿಲಿರಲಿ, ಮಗ್ಗವಿರಲಿ, ತಕ್ಕಡಿಯಿರಲಿ, ಬರೆದಿಟ್ಟುಕೊಳ್ಳಿ. ನನ್ನ ವಯಸ್ಸಿನ ಗೆಳೆಯರೇ, ಮಕ್ಕಳು ಕೇಳಿದರೆ ಸ್ಟೌ ರಿಪೇರಿಗೆ ಎದ್ದು ಹೋಗಬೇಡಿ. ಕೂತು ಹೇಳಿ.

ನನ್ನ ಮೊಮ್ಮಗ ಬರೆದಿಟ್ಟುಕೊಂಡಿದ್ದಾನೆ. ಅವನ ನೋಟ್‌ಬುಕ್ಕಿನಲ್ಲಿ ಲಿಬರೇಟರಿನ ಚಿತ್ರವಿದೆ, ರೆಕ್ಕೆಯ ತುಂಬ ಚುಕ್ಕೆಗಳಿವೆ. ಒಂದು ಚುಕ್ಕೆಗೆ ಮಾತ್ರ ಕೆಂಪು ಬಣ್ಣ ಹಚ್ಚಿ, ಬಾಣದ ಗುರುತು ಹಾಕಿ, ಓರೆಕೋರೆ ಕನ್ನಡದಲ್ಲಿ 'ಮುತ್ತಾತ' ಎಂದು ಬರೆದಿದ್ದಾನೆ.